ಬುದ್ಧಿ ಇದೆಯೇ ಎಂಬ ವಿಚಾರಣೆ

ಪೊಲೀಸರು ನನ್ನ ಬಳಿಗೆ ಜನರನ್ನು ಕಳಿಸುತ್ತಿದ್ದುದು ನನ್ನ ಮೇಲಿನ ಗೌರವದಿಂದಲ್ಲ. ಅವರನ್ನು ಠಾಣೆಯ ಮೆಟ್ಟಿಲಿನಿಂದ ಎಬ್ಬಿಸಲು ಬೇರೆ ಉಪಾಯ ಇರುತ್ತಿರಲಿಲ್ಲ, ಅಷ್ಟೇ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆಯಲ್ಲೂ ಹಾಗೇ ಆಯಿತು. ಹೊಳಲ್ಕೆರೆ ಕೋರ್ಟಿನ ಎದುರಿನ ಬಾಡಿಗೆ ಕೋಣೆಯ ಬೀಗ ತೆಗೆಯಲು ನಾನು ಒಂಬತ್ತೂಕಾಲಿಗೆ ಬಂದಾಗ ಬಾಗಿಲಲ್ಲಿ ಒಬ್ಬ ಪೇದೆ ನಿಂತಿದ್ದ. ಅವನ ಹಿಂದೆ ಮೂವತ್ತೈದು ವಯಸ್ಸಿನ ಆಸುಪಾಸಿನ ಒಬ್ಬ ಹೆಂಗಸು. ಹೆಗಲ ಮೇಲೆ ಕರಿ ಕಂಬಳಿ, ಕಾಲ ತುಂಬ ಧೂಳು.

"ಲಾಯರಮ್ಮಾ, ಈ ಮೂಗೀನ ನೀವೇ ಏನಾರ ಮಾಡ್ರಿ. ತಾಳ್ಯದ ಕಡೆಯೋಳು. ಮೂರು ದಿನದಿಂದ ಸ್ಟೇಷನ್ ಮುಂದೆ ಕುಂತವ್ಳೆ. ಏನು ಕೇಳಿದ್ರೂ ಎದೆ ಬಡ್ಕಂತಾಳೆ, ನೆಲ ಬಡೀತಾಳೆ. ನಮ್ಮ ಸಾಹೇಬ್ರಿಗೆ ತಲೆ ಕೆಟ್ಟೋಗೈತೆ."

"ನಿಮ್ಮ ಸಾಹೇಬರಿಗೆ ಅದು ಹೊಸದೇನಲ್ಲ" ಅಂದೆ. ಅವನು ನಗಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ಸೈಕಲ್ ಹತ್ತಿದ.

ನಾನು ಬೆಳೆದದ್ದು ಚಿತ್ರದುರ್ಗದ ಪೊಲೀಸ್ ವಸತಿಯಲ್ಲಿ. ಅಪ್ಪ ಹೆಡ್ ಕಾನ್‌ಸ್ಟೇಬಲ್. ಬೆಳಗಿನ ಐದಕ್ಕೆ ಸೀಟಿ ಊದುತ್ತಿದ್ದರು, ಐದೂ ಹತ್ತಕ್ಕೆ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿರಬೇಕಿತ್ತು, ಐದೂ ಕಾಲಿಗೆ ನಾವು ನಾಲ್ಕು ಮಕ್ಕಳು ಅಂಗಳದಲ್ಲಿ ಎತ್ತರದ ಪ್ರಕಾರ ನಿಂತಿರಬೇಕಿತ್ತು. ಹಾಗೆ ಬೆಳೆದವರಿಗೆ ಎರಡು ಬಗೆಯ ಜನ ಆಗುವುದಿಲ್ಲ: ಹೊತ್ತಿಗೆ ಬಾರದವರು, ಮತ್ತು ಹೇಳಬೇಕಾದ್ದನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೇಳಲಾರದವರು. ವಕೀಲಳಾದ ಮೇಲೆ ನನ್ನ ವಾರವೂ ಹಾಗೇ ಇತ್ತು. ಸೋಮವಾರ ಮಂಗಳವಾರ ಹಿರಿಯೂರು, ಬುಧವಾರ ಹೊಸದುರ್ಗ, ಉಳಿದ ದಿನ ಹೊಳಲ್ಕೆರೆ. ಬಸ್ಸುಗಳ ಹೊತ್ತು ಡೈರಿಯ ಮೊದಲ ಪುಟದಲ್ಲಿ. ಅಂಥ ನನ್ನ ಮುಂದೆ ಬಂದು ಕೂತವಳು ಏನನ್ನೂ ಸಾಲಾಗಿ ಹೇಳಲಾರದವಳು. ಮೀಸೆ ತಿರುವಿದಂತೆ ಮಾಡಿದಳು. ಮೂಗುಬೊಟ್ಟಿನ ಜಾಗ ಮುಟ್ಟಿಕೊಂಡಳು. ಅಂಗೈಯಿಂದ ನೆಲ ಬಡಿದಳು. ಮತ್ತೆ ಮೀಸೆ. ಹತ್ತು ನಿಮಿಷಕ್ಕೆ ನನ್ನ ಸಹನೆ ಮುಗಿಯಿತು. ಕೈಗಡಿಯಾರ ನೋಡಿದೆ. ಅವಳು ಅದನ್ನು ಗಮನಿಸಿ ಮುಖ ಗಂಟಿಕ್ಕಿದಳು. ಕುಪ್ಪಸದೊಳಗಿಂದ ಮಡಿಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಎಸೆದಳು. ಇಟ್ಟಳು ಎನ್ನಲು ನನಗೆ ಮನಸ್ಸಿಲ್ಲ. ಎಸೆದಳು.

ಅದು ಇದೇ ಕೋರ್ಟಿನ ರಾಜಿ ಡಿಕ್ರಿಯ ನಕಲು. ಎರಡು ಸಲ ಓದಿದ ಮೇಲೆ ಕಥೆ ಪೂರ್ತಿ ತಿಳಿಯಿತು. ಕುರಿ ಸಾಕುವ ಮನೆ. ಅಪ್ಪ ಅಮ್ಮ ತೀರಿಹೋಗಿದ್ದಾರೆ. ಒಬ್ಬ ಅಣ್ಣ, ಈ ಒಬ್ಬಳು ತಂಗಿ. ಏಳು ಎಕರೆ ಜಮೀನು. ಮದುವೆಯಾಗದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ಕಾನೂನು ಆಗ ಬಂದು ಕೆಲವೇ ವರ್ಷವಾಗಿತ್ತು. ಯಾರೋ ಅಣ್ಣನ ಕಿವಿಯಲ್ಲಿ ಅದನ್ನು ಊದಿದ್ದರು. ಅವನು ತಾನೇ ಮುಂದಾಗಿ ತಂಗಿಯ ಮೇಲೆ ದಾವೆ ಹಾಕಿ, ಅವಳು 'ಹುಟ್ಟು ಮೂಗಿ, ಕಿವುಡಿ, ಬುದ್ಧಿ ಬೆಳೆಯದವಳು' ಎಂದು ಬರೆಸಿ, ಅವಳ ಪರವಾಗಿ ಪೋಷಕನೆಂದು ತನ್ನ ಹೆಂಡತಿಯ ತಮ್ಮನನ್ನೇ ನಿಲ್ಲಿಸಿದ್ದ. ಆ ಪೋಷಕ ಎರಡನೆಯ ವಾಯಿದೆಗೇ ರಾಜಿ ಮಾಡಿಕೊಂಡಿದ್ದ. ಏಳು ಎಕರೆಯೂ ಅಣ್ಣನಿಗೆ, ತಂಗಿಗೆ ಬದುಕಿರುವತನಕ ಅನ್ನ ಬಟ್ಟೆ. ಹಿಂದಿನ ನ್ಯಾಯಾಧೀಶರು ಅವಳ ಮುಖವನ್ನೂ ನೋಡದೆ ಸಹಿ ಹಾಕಿ ವರ್ಗವಾಗಿ ಹೋಗಿದ್ದರು.

ಅಷ್ಟು ಪುಟಗಳಲ್ಲಿ ಅವಳ ಹೆಬ್ಬೆಟ್ಟು ಎಲ್ಲೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಅವಳ ಮೇಲಿನ ಕನಿಕರದಿಂದ ಕೇಸು ಹಿಡಿದೆ ಎಂದು ಆಮೇಲೆ ಕೆಲವರು ಹೇಳಿಕೊಂಡು ತಿರುಗಿದರು, ಅದು ಸುಳ್ಳು. ಅಂಥ ಗಲೀಜು ಫೈಲನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ರಾಜಿಯನ್ನು ರದ್ದು ಮಾಡಬೇಕು, ಈಕೆಗೆ ಕಿವಿ ಕೇಳದು, ಆದರೆ ಬುದ್ಧಿ ಎಲ್ಲರಷ್ಟೇ ಇದೆ, ತನ್ನ ವಿಷಯ ತಾನೇ ತೀರ್ಮಾನಿಸಬಲ್ಲಳು ಎಂದು ಅರ್ಜಿ ಹಾಕಿದೆ. ಅಣ್ಣನ ಪರ ವಕೀಲರು ಭರಮಸಾಗರದವರು, ನನಗಿಂತ ಹತ್ತು ವರ್ಷ ಹಿರಿಯರು. ವಕೀಲರ ಕೊಠಡಿಯಲ್ಲಿ ಎಲ್ಲರೆದುರು ಶುರುಮಾಡಿದರು.

"ಏನಮ್ಮಾ, ಮೂಗಿ ಕೇಸು ಹಿಡಿದಿದೀಯಂತೆ. ಫೀಸೂ ಸನ್ನೇಲೇ ಕೊಡ್ತಾಳಾ?"

"ನಿಮ್ಮ ಕಕ್ಷಿದಾರರು ಬರೀ ಬಾಯಲ್ಲೇ ಕೊಡ್ತಾರಂತೆ ಸಾರ್. ನಂದೇ ವಾಸಿ."

ನಗು ಅವರ ಕಡೆಯಿಂದ ನನ್ನ ಕಡೆಗೆ ತಿರುಗಿತು. ಅವರಿಗೆ ಅದು ಹಿಡಿಸಲಿಲ್ಲ. ನನ್ನ ಮೇಜಿನ ಮೇಲಿದ್ದ ಅಂಗವಿಕಲರ ಕಾಯ್ದೆಯ ತೆಳ್ಳನೆಯ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. "ಇದು ನೌಕರಿಗೆ, ಶಾಲೆಗೆ, ಬಸ್ ಪಾಸಿಗೆ. ಇದರಲ್ಲಿ ಜಮೀನು ಎಲ್ಲೈತೆ ತೋರ್ಸು."

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಹೊಸ ಕಾಯ್ದೆ ಅವಳ ಹೊಲದ ಬಗ್ಗೆ ಒಂದಕ್ಷರವನ್ನೂ ಹೇಳಿರಲಿಲ್ಲ. ಹಳೆಯ ಸಿವಿಲ್ ಸಂಹಿತೆಯಲ್ಲೇ ದಾರಿ ಹುಡುಕಬೇಕಿತ್ತು.

ಹೊಸ ನ್ಯಾಯಾಧೀಶರು ನಲವತ್ತು ದಾಟದ, ಕಡಿಮೆ ಮಾತಿನ ಮನುಷ್ಯ. ಅರ್ಜಿ ಓದಿ ಆದೇಶ ಮಾಡಿದರು. ಮುಂದಿನ ವಾಯಿದೆಗೆ ಆಕೆಯನ್ನು ಕರೆತನ್ನಿ, ಸನ್ನೆ ಬಲ್ಲವರೊಬ್ಬರನ್ನೂ ಕರೆತನ್ನಿ, ನಾನೇ ಪ್ರಶ್ನೆ ಕೇಳುತ್ತೇನೆ. ಆಕೆಗೆ ತಿಳಿವಳಿಕೆ ಇದೆ ಎಂದು ಕಂಡರೆ ರಾಜಿ ಬಿದ್ದುಹೋಗುತ್ತದೆ. ಇಲ್ಲವೆಂದು ಕಂಡರೆ ರಾಜಿ ನಿಲ್ಲುತ್ತದೆ. ಅವರು ಹೇಳದೆ ಬಿಟ್ಟ ಇನ್ನೊಂದು ಸಂಗತಿ ನನಗೆ ಗೊತ್ತಿತ್ತು. ಇಲ್ಲವೆಂದು ಒಮ್ಮೆ ಕೋರ್ಟು ಬರೆದರೆ ಆಮೇಲೆ ಅವಳು ಯಾವ ಕಚೇರಿಗೆ ಹೋದರೂ ಬುದ್ಧಿ ಇಲ್ಲದವಳೇ. ಬರೆದದ್ದನ್ನು ಅಳಿಸುವವರು ಸಿಗುವುದಿಲ್ಲ.

ಪಟ್ಟಣದ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಬಹಳ ವರ್ಷ ಕಲಿಸಿದ್ದ ಮೇಷ್ಟರನ್ನು ಗೊತ್ತುಮಾಡಿದೆ. ಪ್ರಮಾಣಪತ್ರ ಇತ್ತು, ಅನುಭವ ಇತ್ತು, ಹೇಳಿದ ಹೊತ್ತಿಗೆ ಬರುವ ಮನುಷ್ಯ. ಮೊದಲೇ ಅವರನ್ನೂ ಅವಳನ್ನೂ ಒಂದು ಕಡೆ ಕೂರಿಸಿದರೆ ಹೇಳಿಕೊಟ್ಟು ಕರೆತಂದಳು ಎಂದು ಎದುರಿನವರು ಕೂಗಾಡುತ್ತಾರೆ. ಆದ್ದರಿಂದ ಕೂರಿಸಲಿಲ್ಲ. ಕ್ರಮ ಅಂದರೆ ಕ್ರಮ ಎಂದುಕೊಂಡೆ.

ವಾಯಿದೆಯ ದಿನ ಅಣ್ಣ ಬಂದಿದ್ದ, ಅವನ ಹೆಂಡತಿಯೂ ಬಂದಿದ್ದಳು. ಎತ್ತರದ, ಗಟ್ಟಿ ಗಂಟಲಿನ ಹೆಂಗಸು. ಮೂಗಿನಲ್ಲಿ ಕೆಂಪು ಹರಳಿನ ಬೊಟ್ಟು. ಅವಳು ನಾದಿನಿಯನ್ನು ಕಂಡು ಮುಖ ತಿರುಗಿಸಿದಳು. ನನ್ನ ಕಕ್ಷಿದಾರಳು ನೆಲದ ಮೇಲೆ ಉಗಿದಳು. ಕೋರ್ಟಿನ ಜವಾನ ಇಬ್ಬರಿಗೂ ಬೈದ.

ಹನ್ನೊಂದೂವರೆಗೆ ಅವಳನ್ನು ಕಟಕಟೆಗೆ ಹತ್ತಿಸಿದರು. ಮೇಷ್ಟರು ಪ್ರಮಾಣ ಮಾಡಿ ಎದುರು ನಿಂತರು. ನಿನ್ನ ಹೆಸರೇನು ಎಂದು ನ್ಯಾಯಾಧೀಶರು ಕೇಳಿಸಿದರು. ಮೇಷ್ಟರ ಬೆರಳುಗಳು ಚಕಚಕ ಆಡಿದವು. ಅವಳು ನೋಡಿದಳು. ಅಣ್ಣ ತಮ್ಮಂದಿರು ಎಷ್ಟು? ಬೆರಳು ಆಡಿದವು, ಅವಳು ನೋಡಿದಳು. ಜಮೀನು ಎಂದರೇನು ಗೊತ್ತೇ? ಕೋರ್ಟು ಎಂದರೇನು ಗೊತ್ತೇ? ಅವಳು ನನ್ನತ್ತ ತಿರುಗಿದಳು. ನಾನು ಕಣ್ಣಲ್ಲೇ ಹೇಳು ಎಂದೆ. ಅವಳು ಪಾಪ ಏನು ಮಾಡಬೇಕೆಂದು ತಿಳಿಯದೆ, ಮೇಷ್ಟರು ಮಾಡಿದ್ದನ್ನೇ ತಾನೂ ಮಾಡಬೇಕಾಗಿದೆ ಅಂದುಕೊಂಡು, ಅವರ ಬೆರಳಾಟವನ್ನೇ ಒಂದೊಂದಾಗಿ ಅನುಕರಿಸಿದಳು. ಒಂದನೆಯ ತರಗತಿಯ ಮಗುವಿನ ಹಾಗೆ.

ಕೋರ್ಟು ನಕ್ಕಿತು. ಭರಮಸಾಗರದ ವಕೀಲರು ಎದ್ದು ನಿಂತು ಮೆಲ್ಲಗೆ, "ಇನ್ನೇನು ಬೇಕು ಸ್ವಾಮಿ?" ಅಂದರು.

"ಮೂರು ಗಂಟೆಗೆ ಆದೇಶ ಬರೆಸುತ್ತೇನೆ" ಎಂದರು ನ್ಯಾಯಾಧೀಶರು. "ಮೇಡಂ, ನಿಮ್ಮದು ಇನ್ನೇನಾದರೂ ಇದ್ದರೆ ಅಷ್ಟರೊಳಗೆ."

ಹೊರಗೆ ಬಂದು ಮೇಷ್ಟರ ಮೇಲೆ ಹರಿಹಾಯ್ದೆ. "ಇಷ್ಟು ವರ್ಷ ಕಲಿಸಿದ್ದೀನಿ ಅಂದ್ರಿ. ಒಂದು ಹೆಸರು ಕೇಳೋಕೆ ಆಗಲಿಲ್ವಲ್ಲ!"

ಅವರೂ ಬಿಡಲಿಲ್ಲ. "ನಾನು ಕಲಿಸಿರೋದು ಶಾಲೆಗೆ ಬಂದ ಮಕ್ಕಳಿಗೆ ಮೇಡಂ. ಈಕೆ ಶಾಲೆ ಬಾಗಿಲು ಕಂಡೋಳಲ್ಲ, ಕುರಿ ಹಿಂದೆ ಬೆಳೆದೋಳು. ಅವರ ಮನೆ ಸನ್ನೆನೇ ಬೇರೆ, ನಮ್ಮ ಶಾಲೆ ಸನ್ನೆನೇ ಬೇರೆ. ಮೊದಲೇ ಒಂದ್ಸಲ ತೋರಿಸಿದ್ರೆ ಹೇಳ್ತಿದ್ದೆ. ನೀವೇ ಬೇಡ ಅಂದಿದ್ದು."

ಕಿವಿ ಕೇಳದವರಿಗೆಲ್ಲ ಒಂದೇ ಸನ್ನೆ ಎಂದುಕೊಂಡಿದ್ದೆ. ಆ ಕೋರ್ಟಿನಲ್ಲಿದ್ದ ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಆದರೆ ಕೇಸು ಅವರದ್ದಾಗಿರಲಿಲ್ಲ, ನನ್ನದಾಗಿತ್ತು. ಆ ಸಿಟ್ಟನ್ನು ಅವಳ ಮೇಲೆ ತೀರಿಸಿದೆ. ಯಾಕೆ ಹಾಗೆ ಕುಣಿದೆ ಎಂದು ಕೈ ಬೀಸಿ ಕೇಳಿದೆ. ಅವಳು ತನ್ನ ಮಣಿಕಟ್ಟನ್ನು ಎರಡು ಸಲ ತಟ್ಟಿಕೊಂಡು ನನ್ನತ್ತ ಬೆರಳು ಮಾಡಿದಳು. ಅವಳ ಭಾಷೆಯಲ್ಲಿ ನನ್ನ ಹೆಸರು ಅದು, ಕೈಗಡಿಯಾರದವಳು. ಆಮೇಲೆ ಬೆನ್ನು ತಿರುಗಿಸಿ ಹೊರಟಳು.

ಅಣ್ಣ ಅತ್ತಿಗೆ ಕೋರ್ಟಿನ ಪಕ್ಕದ ಗೋಡೆಯ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿ ಕೂತಿದ್ದರು. ಮೇಲೆ ನ್ಯಾಯಾಧೀಶರ ಕೊಠಡಿಯ ಕಿಟಕಿ. ಇವಳು ನೆಟ್ಟಗೆ ಹೋಗಿ ಅವರ ಎದುರು ನಿಂತು ಎರಡೂ ಕೈ ಎತ್ತಿದಳು. ನಾನು ಅವಳನ್ನು ಎಳೆದು ತರೋಣವೆಂದು ಹಿಂದೆ ಓಡಿದೆ. ಅಷ್ಟರಲ್ಲಿ ಅತ್ತಿಗೆ ರೊಟ್ಟಿ ಕೆಳಗಿಟ್ಟು ಎದ್ದಿದ್ದಳು.

"ಏನೇ? ಯಾಕೆ ಅಂತ ಕೇಳ್ತೀಯಾ? ಪೆಟಾರಿ ಬೀಗ ಮುರಿದು ಕಾಗ್ದ ಕದ್ದೋಳು ನೀನು, ನನ್ನ ಕೇಳ್ತೀಯಾ!"

ಮಾತಿನ ಜೊತೆಗೇ ಅವಳ ಕೈಗಳೂ ಆಡುತ್ತಿದ್ದವು. ನಾದಿನಿ ಉತ್ತರ ಕೊಟ್ಟಳು. ಬೆರಳು, ಹುಬ್ಬು, ಭುಜ, ಎಲ್ಲ ಸೇರಿ.

"ಓಹೋ! ಸರ್ವೆಯೋರು ನೆಟ್ಟ ಕಲ್ಲು ಕಿತ್ತು ಹಳ್ಳಕ್ಕೆ ಎಸೆದಿದ್ದು ಯಾರು? ನಾನಾ? ... ಅಣ್ಣ ಹೊಡೆದ್ರೆ ಹೊಡೆದ, ಹೊಡೆಯೋ ಕೆಲ್ಸ ಮಾಡಿದ್ದೆ ನೀನು! ... ಅರ್ಧ? ನಿನಗೆ ಅರ್ಧನಾ? ಏಳರಾಗೆ ಅರ್ಧ ಅಂದ್ರೆ ಎಷ್ಟು ಗೊತ್ತೈತೇನೇ ನಿನಗೆ?"

ನಾದಿನಿ ಮೂರು ಬೆರಳು ಎತ್ತಿ, ನಾಲ್ಕನೆಯದನ್ನು ಇನ್ನೊಂದು ಕೈಯಿಂದ ನಡುವೆ ಕತ್ತರಿಸಿದಂತೆ ತೋರಿಸಿದಳು.

"ಹೂಂ, ಮೂರೂವರೆ! ಲೆಕ್ಕ ಮಾತ್ರ ಚೆನ್ನಾಗಿ ಬರ್ತೈತೆ ನಿನಗೆ!"

ಅಣ್ಣ ರೊಟ್ಟಿ ನುಂಗಲಾರದೆ, "ಲೇ, ಬಾಯ್ಮುಚ್ಚೇ. ಕೋರ್ಟು ಇದು" ಅಂದ.

"ನೀನು ಸುಮ್ಕಿರು. ಸುಗ್ಗಿ ಮುಗೀತಿದ್ದಂಗೆ ಕುರಿ ಹೊಡ್ಕಂಡು ಹೋಗೋನು ಮಳೆ ಬಿದ್ಮೇಲೆ ಬರ್ತೀಯ. ಇವಳ ಜೊತೆ ಹೆಣಗೋಳು ನಾನು. ಹದಿನೈದು ವರ್ಷ ಆತು!"

ಆಗ ನನಗೆ ಹೊಳೆಯಿತು. ಗಂಡಸರು ಕುರಿಯ ಹಿಂದೆ ಹೋದ ಮೇಲೆ ತಿಂಗಳುಗಟ್ಟಲೆ ಆ ಮನೆಯಲ್ಲಿ ಉಳಿಯುತ್ತಿದ್ದವರು ಈ ಇಬ್ಬರೇ. ಒಲೆ, ಕೊಟ್ಟಿಗೆ, ಹೊಲ, ಜ್ವರ, ಹೆರಿಗೆ, ಎಲ್ಲದಕ್ಕೂ ಈ ಎರಡು ಜೊತೆ ಕೈ. ಒಡಹುಟ್ಟಿದ ಅಣ್ಣನಿಗೆ ಬಾರದ ಭಾಷೆ ಹೊರಗಿನಿಂದ ಬಂದ ಈ ಜಗಳಗಂಟಿಗೆ ಬರುತ್ತಿತ್ತು. ನಾನು ಪ್ರಮಾಣಪತ್ರ ಹುಡುಕಿಕೊಂಡು ಪಟ್ಟಣಕ್ಕೆ ಹೋಗಿದ್ದೆ.

ಭರಮಸಾಗರದ ವಕೀಲರು ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದರು. "ಏಯ್, ಬಾಯಿ ಮುಚ್ಚಮ್ಮಾ! ಅವಳ ಜೊತೆ ಮಾತಾಡ್ಬೇಡ!"

"ನಾನ್ಯಾಕೆ ಮುಚ್ಲಿ ಸಾಮಿ? ಅವಳು ಬೈಯೋದು ನಿಮಗೆ ಕಾಣಾಕಿಲ್ವಾ? ನನ್ನ ತೌರಿನೋರ್ನ ಸಾಲಾಗಿ ನಿಲ್ಸಿ ಒಬ್ಬೊಬ್ಬರನ್ನೇ ಬೈತಾವ್ಳೆ!"

ನಾನು ತಲೆ ಎತ್ತಿ ನೋಡಿದೆ. ಕಿಟಕಿಯಲ್ಲಿ ನ್ಯಾಯಾಧೀಶರು ನಿಂತಿದ್ದರು. ಕೈಯಲ್ಲಿ ಊಟದ ಡಬ್ಬಿಯ ಮುಚ್ಚಳ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

ಮೂರು ಗಂಟೆಗೆ ನಾನು ಎದ್ದು, ಅತ್ತಿಗೆಯನ್ನೇ ಸನ್ನೆ ತಿಳಿಸುವವಳಾಗಿ ಪ್ರಮಾಣ ಮಾಡಿಸಬೇಕೆಂದು ಕೇಳಿದೆ. ಎದುರಿನವರು ಕೆರಳಿದರು. ಎದುರು ಕಕ್ಷಿದಾರನ ಹೆಂಡತಿ, ಆಕೆಯನ್ನು ಹೇಗೆ ನಂಬುವುದು ಎಂದರು. ನ್ಯಾಯಾಧೀಶರು ಕನ್ನಡಕ ತೆಗೆದು, "ನಿಮ್ಮ ಕಕ್ಷಿದಾರನ ಹೆಂಡತಿಯನ್ನು ನೀವೇ ನಂಬುವುದಿಲ್ಲವೇ?" ಎಂದು ಕೇಳಿದರು. ಅವರು ಕೂತರು.

ನನಗೇ ಅವಳ ಮೇಲೆ ನಂಬಿಕೆ ಇರಲಿಲ್ಲ. ಅವಳು ಸುಳ್ಳು ಹೇಳಿದರೆ ಹಿಡಿಯುವವರು ಯಾರೂ ಇರಲಿಲ್ಲ. ಅವಳು ಕಟಕಟೆಯ ಪಕ್ಕಕ್ಕೆ ಬಂದು ಸೆರಗು ಬಿಗಿದುಕೊಂಡು ನನ್ನನ್ನು ಸುಡುವಂತೆ ನೋಡಿದಳು.

"ಕೋರ್ಟಿನಲ್ಲಿ ಹಿಂದೆ ಆದ ರಾಜಿಯ ವಿಷಯ ಆಕೆಗೆ ಗೊತ್ತಿತ್ತೇ, ಕೇಳಿ" ಎಂದರು ನ್ಯಾಯಾಧೀಶರು.

ಕೈ ಆಡಿತು. ನಾದಿನಿ ಉತ್ತರಿಸಿದಳು. ಅತ್ತಿಗೆ ತಿರುಗಿ ಗಂಡನ ಕಡೆ ನೋಡಿದಳು. ಗಂಡ ಹಿಂದಿನ ಬೆಂಚಿನಿಂದ ಕೆಮ್ಮಿದ.

"ಗೊತ್ತಿರ್ಲಿಲ್ಲ ಅಂತಾಳೆ. ನನ್ನ ತಮ್ಮ ಕೋರ್ಟಿಗೆ ಬಂದಿದ್ದೂ ಗೊತ್ತಿರ್ಲಿಲ್ಲ ಅಂತಾಳೆ. ಆಮೇಲೆ ಅವನಿಗೆ ಬೈತಾಳೆ. ಅದನ್ನೂ ಹೇಳ್ಬೇಕಾ?"

"ಹೇಳಿ."

"ಕಳ್ಳ ಅಂತಾಳೆ."

"ನಿನಗೆ ಅನ್ನ ಬಟ್ಟೆ ಕೊಡುತ್ತಾರಲ್ಲ, ಜಮೀನು ಯಾಕೆ ಬೇಕು, ಕೇಳಿ."

ನಾದಿನಿ ಈ ಸಲ ಬೇಗ ಬೇಗ ಕೈ ಆಡಿಸಲಿಲ್ಲ. ಬಾಯಿಗೆ ತುತ್ತಿಟ್ಟುಕೊಂಡಂತೆ ಮಾಡಿದಳು, ಆ ಕೈಯನ್ನು ಹಿಂದಕ್ಕೆ ಎಳೆದಳು, ತಲೆ ತಗ್ಗಿಸಿ ಕಾದು ಕೂತವಳಂತೆ ಮಾಡಿದಳು. ಅತ್ತಿಗೆಯ ಗಂಟಲು ಮೊದಲ ಬಾರಿಗೆ ತಗ್ಗಿತು.

"ನಾನು ಉಣ್ಣು ಅಂದಾಗ ಉಣ್ಬೇಕು, ನಾನು ಅನ್ನಾವರೆಗೂ ಕುಂತಿರ್ಬೇಕು ಅಂತಾಳೆ. ಅದು ಹಂಗೇನಿಲ್ಲ ಸಾಮಿ. ಒಂದೆರಡು ಸಲ ಸಿಟ್ನಾಗೆ ಆಗಿರ್ಬೋದು."

ನ್ಯಾಯಾಧೀಶರು ಬರೆದುಕೊಂಡರು. ಆಕೆಗೆ ತನ್ನ ಹಿತಾಹಿತ ತಿಳಿಯುತ್ತದೆ, ಆಕೆಗೆ ಪೋಷಕ ಬೇಕಿಲ್ಲ, ಆಕೆಯ ಹೆಸರಿನಲ್ಲಿ ಆದ ರಾಜಿ ಊರ್ಜಿತವಲ್ಲ ಎಂದು ಅಂದೇ ಆದೇಶವಾಯಿತು. ಅತ್ತಿಗೆ ಯಾಕೆ ಸುಳ್ಳು ಹೇಳಲಿಲ್ಲವೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಳ್ಳೆಯತನ ಎಂದು ನನಗೆ ಅನ್ನಿಸುವುದಿಲ್ಲ. ನಾದಿನಿಯ ಕಣ್ಣು ಅವಳ ತುಟಿಯ ಮೇಲೆ, ಕೈಯ ಮೇಲೆ ನೆಟ್ಟಿತ್ತು. ಸುಳ್ಳು ಹೇಳಿ ಅದೇ ಮನೆಗೆ ಅವಳ ಜೊತೆ ಹಿಂತಿರುಗಬೇಕಿತ್ತಲ್ಲ.

ಆಮೇಲೆ ಭಾಗದ ದಾವೆ ಮೊದಲಿನಿಂದ ನಡೆಯಿತು. ಅತ್ತಿಗೆ ಪ್ರತಿ ವಾಯಿದೆಗೂ ಬರಬೇಕಾಯಿತು, ಬೈದುಕೊಂಡೇ ಬಂದಳು. "ನನ್ನ ಗಂಡನ ಮೇಲಿನ ಕೇಸಿಗೆ ನಾನೇ ಬಂದು ಬಾಯಿ ಆಗ್ಬೇಕಾ? ಇಂಥಾ ಕೋರ್ಟು ಎಲ್ಲಾದ್ರೂ ಐತಾ?" ಎನ್ನುವುದು. ನನ್ನ ಕೋಣೆಯಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ.

ತೀರ್ಪು ಬಂದು ಅರ್ಧ ಭಾಗ ಎಂದಾದ ಮೇಲೆ ಯಾವ ಅರ್ಧ ಎಂಬುದು ಉಳಿಯಿತು. ನಾನು ನಕ್ಷೆ ಹಾಕಿ ಸಿದ್ಧವಾಗಿದ್ದೆ. ಕೆಳಗಿನ ಹೊಲ ಕಪ್ಪು ಮಣ್ಣು, ಕೆರೆಯ ಕಾಲುವೆ ಪಕ್ಕ. ಮೇಲಿನದು ಕಲ್ಲು, ಕುರಿ ಕೂಡುವ ಒಂದು ರೊಪ್ಪ, ಬೇಲಿ. ಕೆಳಗಿನದನ್ನೇ ಕೇಳೋಣ, ಅವಳಿಗೆ ಹೇಳು ಎಂದು ಅತ್ತಿಗೆಗೆ ಅಂದೆ. ಇಬ್ಬರ ಕೈಯೂ ಆಡಿದವು.

"ಮೇಲಿಂದು ಬೇಕಂತೆ" ಎಂದಳು ಅತ್ತಿಗೆ.

ನನಗೆ ಮೈ ಉರಿಯಿತು. ಕೆಳಗಿನ ಹೊಲ ಹಾಗಾದರೆ ಇವಳ ಗಂಡನಿಗೆ ಉಳಿಯುತ್ತದೆ. "ನೀನು ಸರಿಯಾಗಿ ಹೇಳಿದೆಯಾ? ಮೇಲಿನದರಲ್ಲಿ ಏನೂ ಬೆಳೆಯಲ್ಲ ಅಂತ ಹೇಳಿದೆಯಾ?"

"ಹೇಳ್ದೆ. ತಾನು ಹೇಳಿದಂಗೆ ಬರೀರಿ ಅಂತಾಳೆ. ಅಷ್ಟು ಮರ್ಯಾದೆಯಾಗಿ ಅನ್ಲಿಲ್ಲ, ನಾನೇ ಮರ್ಯಾದೆ ಸೇರಿಸೀನಿ."

ಅತ್ತಿಗೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಸೀಮೆಸುಣ್ಣದಿಂದ ನೆಲದ ಮೇಲೆ ಹೊಲ ಬರೆದೆ, ಕಾಲುವೆ ಬರೆದೆ, ಮೇಲಿನ ತುಂಡಿನಲ್ಲಿ ಮೇಜಿನ ಮೇಲಿನ ಪೇಪರ್‌ವೇಟನ್ನು ಕಲ್ಲು ಎಂದು ಇಟ್ಟೆ. ಕೆಳಗಿನದರ ಮೇಲೆ ಬೆರಳಿಟ್ಟು ನನ್ನ ಹೊಟ್ಟೆ ತಟ್ಟಿಕೊಂಡೆ. ನಾದಿನಿ ನನ್ನನ್ನು, ಹೊಲವೇ ಕಾಣದ ಪಟ್ಟಣದವಳನ್ನು ನೋಡುವಂತೆ ನೋಡಿದಳು. ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈಯನ್ನು ಮೇಲಿನ ತುಂಡಿನ ಮೇಲೆ ಊರಿದಳು. ಸುಣ್ಣ ಅಳಿಸಿಹೋಗುವಷ್ಟು ಒತ್ತಿದಳು. ನಾನು ಮತ್ತೆ ಕೆಳಗಿನದನ್ನು ತೋರಿಸಿದೆ. ಅವಳು ಅಂಗೈ ಎತ್ತಲಿಲ್ಲ.

ಆ ವೇಳೆಗೆ ನಾನು ಆ ಕೋರ್ಟಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಈಕೆ ತನ್ನ ವಿಷಯ ತಾನೇ ತೀರ್ಮಾನಿಸಬಲ್ಲಳು ಎಂದು ವಾದಿಸಿದ್ದೆ. ಕೂತು ಅವಳು ಹೇಳಿದಂತೆಯೇ ಬರೆದೆ. ಆದರೆ ನಾಳೆ ಯಾರೂ ನನ್ನನ್ನು ದೂರಬಾರದು. ಫೈಲಿನ ಒಳಪುಟದಲ್ಲಿ ಬೇರೆಯಾಗಿ ಒಂದು ಸಾಲು ಬರೆದೆ: 'ಮೇಲಿನ ಭಾಗವನ್ನು ನನ್ನ ಸಲಹೆಗೆ ವಿರುದ್ಧವಾಗಿ ಕಕ್ಷಿದಾರಳು ತಾನೇ ಆರಿಸಿಕೊಂಡಿದ್ದಾಳೆ.' ಅತ್ತಿಗೆಯನ್ನು ಒಳಗೆ ಕರೆದು ಅದನ್ನು ಓದಿ ಹೇಳಿದೆ, ಇವಳಿಗೆ ತಿಳಿಸು ಎಂದೆ.

ಅತ್ತಿಗೆ ತಿಳಿಸಿದಳು. ನನ್ನ ಸಾಲಿಗಿಂತ ಬಹಳ ಉದ್ದಕ್ಕೆ ತಿಳಿಸಿದಳು, ನಡುವೆ ಮಣಿಕಟ್ಟನ್ನು ಹಲವು ಸಲ ತಟ್ಟಿಕೊಂಡಳು. ಆ ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಏನು ಹೇಳಿದೆ ಎಂದು ಕೇಳಿದೆ.

"ನೀವು ಬರೆದಿದ್ದನ್ನೇ ಹೇಳ್ದೆ ಲಾಯರಮ್ಮಾ."

ನನ್ನ ಕಕ್ಷಿದಾರಳು ಶಾಯಿಯ ಪ್ಯಾಡನ್ನು ತಾನೇ ತನ್ನ ಕಡೆಗೆ ಎಳೆದುಕೊಂಡು ಹೆಬ್ಬೆಟ್ಟು ಅದ್ದಿದಳು. ಕೋರ್ಟಿಗೆ ಹೋಗುವ ಕಾಗದಕ್ಕೆ ಒತ್ತಿದಳು, ನನ್ನ ಆ ಸಾಲಿನ ಕೆಳಗೂ ಒತ್ತಿದಳು. ಬೆರಳಿನಲ್ಲಿ ಉಳಿದ ಶಾಯಿಯನ್ನು ಅಂದು ಬೆಳಿಗ್ಗೆಯಷ್ಟೇ ಹಾಸಿದ್ದ ನನ್ನ ಮೇಜುಬಟ್ಟೆಗೆ ಒರೆಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ಹೋಗಾಣ ಎಂಬಂತೆ ಅತ್ತಿಗೆಯ ಮೊಣಕೈ ತಿವಿದಳು.